ಡೈರಿ ಕಟ್ಟೆಯೋ, ಕರಪತ್ರವೋ, ವಾಟ್ಸ್‌ಆ್ಯಪೋ? ಸೇವಾ ಸಂಘವೊಂದು ಜನರನ್ನು ಮುಟ್ಟುವ ಬಗೆ

ಬೇಲೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರದಲ್ಲಿ ಉಚಿತ ಕಣ್ಣಿನ ತಪಾಸಣಾ ಶಿಬಿರ ಇದೆ ಎಂದುಕೊಳ್ಳಿ. ಸಂಘದವರು ಸಾವಿರ ಕರಪತ್ರ ಅಚ್ಚು ಹಾಕಿಸುತ್ತಾರೆ, ಬಸ್ ನಿಲ್ದಾಣದ ಎದುರು ಬ್ಯಾನರ್ ಕಟ್ಟುತ್ತಾರೆ, ಗೊತ್ತಿರುವ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಚಿತ್ರ ಕಳಿಸುತ್ತಾರೆ. ಶಿಬಿರದ ದಿನ ಜನರೂ ಬರುತ್ತಾರೆ. ಆದರೆ ಬಂದವರಲ್ಲಿ ಹೆಚ್ಚಿನವರು ಪೇಟೆಯ ಆಸುಪಾಸಿನವರು, ಕನ್ನಡಕದ ನಂಬರ್ ನೋಡಿಸಿಕೊಂಡು ಹೋಗಲು ಬಂದವರು. ಪೊರೆ ಬಂದು ಎರಡು ವರ್ಷದಿಂದ ಅಂಗಳ ದಾಟದ ಅಜ್ಜಿ ಎಂಟು ಕಿಲೋಮೀಟರ್ ಆಚೆ, ಕಾಫಿ ತೋಟದ ಲೈನ್ ಮನೆಯಲ್ಲೇ (ಕೂಲಿಯವರ ಸಾಲುಮನೆಯಲ್ಲೇ) ಉಳಿಯುತ್ತಾರೆ. ಶಿಬಿರ ಇಟ್ಟದ್ದೇ ಅವರಿಗಾಗಿ.

ಹೀಗಾಗಲು ಕಾರಣ ಸಂಘದವರ ಸೋಮಾರಿತನ ಅಲ್ಲ. ಪ್ರಚಾರದ ವಿಧಾನ ಆರಿಸುವಾಗ "ಎಷ್ಟು ಜನಕ್ಕೆ ಗೊತ್ತಾಗುತ್ತೆ?" ಎಂದು ಲೆಕ್ಕ ಹಾಕುತ್ತೇವೆ. "ಇದರಿಂದ ಯಾರಿಗೆ ಗೊತ್ತಾಗಲ್ಲ?" ಎಂದು ಕೇಳಿಕೊಳ್ಳುವುದಿಲ್ಲ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 76, ಚಿಕ್ಕಮಗಳೂರಿನದು ಸುಮಾರು ಶೇ 79. ಅಂದರೆ ಆಗ ಏಳು ವರ್ಷ ಮೇಲ್ಪಟ್ಟವರಲ್ಲಿ ನಾಲ್ಕೈದು ಜನಕ್ಕೊಬ್ಬರು ಓದಲಾರದವರು. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಓದು ಬಾರದವರೇ ಹೆಚ್ಚು. ಕಣ್ಣು ಕಾಣದವರಿಗೆ ಕಣ್ಣಿನ ಶಿಬಿರದ ಸುದ್ದಿಯನ್ನು ಸಣ್ಣ ಅಕ್ಷರದ ಕಾಗದದಲ್ಲಿ ಕೊಟ್ಟರೆ ಅದು ತಲುಪುವುದಾದರೂ ಹೇಗೆ?

ಮೂರು ಬಾಗಿಲು

ಒಬ್ಬರು ನಿಮ್ಮ ಶಿಬಿರಕ್ಕೆ ಬರಬೇಕಾದರೆ ಮೂರು ಬಾಗಿಲು ದಾಟಬೇಕು. ಸುದ್ದಿ ಕಿವಿಗೆ ಬೀಳಬೇಕು, ಅದನ್ನು ನಂಬಬೇಕು, ಆ ದಿನ ಹೊರಟು ಬರಲು ಆಗಬೇಕು. ಒಂದೊಂದು ವಿಧಾನ ಒಂದೊಂದು ಬಾಗಿಲನ್ನು ತೆರೆಯುತ್ತದೆ. ಮೂರನ್ನೂ ತೆರೆಯುವ ವಿಧಾನ ಯಾವುದೂ ಇಲ್ಲ.

ಆಟೋಗೆ ಮೈಕ್ ಕಟ್ಟಿ ಕೂಗಿಸಿದರೆ ಸುದ್ದಿ ನೂರಾರು ಕಿವಿಗೆ ಬೀಳುತ್ತದೆ. ಆದರೆ ನಂಬಿಕೆಯ ಬಾಗಿಲು ಅಷ್ಟಕ್ಕೇ ತೆರೆಯದು. ಉಚಿತ ಎಂದ ಕೂಡಲೇ ಹಳ್ಳಿಯ ಹಿರಿಯರಿಗೆ ಅನುಮಾನಗಳು ಏಳುತ್ತವೆ. ಕೊನೆಗೆ ಕನ್ನಡಕ ಮಾರುತ್ತಾರೇನೋ, ಆಧಾರ್ ನಂಬರ್ ಯಾಕೆ ಕೇಳುತ್ತಾರೋ, ಅಲ್ಲೇ ಹಿಡಿದು ಆಪರೇಷನ್ ಮಾಡಿಬಿಟ್ಟರೆ? ಇದಕ್ಕೆಲ್ಲ ಉತ್ತರ ಕೊಡಬಲ್ಲವರು ಆ ಊರಿನಲ್ಲೇ ಇರುವವರು, ಎಂದರೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಡೈರಿ ಸೆಕ್ರೆಟರಿ, ತೋಟದ ಲೆಕ್ಕ ಬರೆಯುವ ರೈಟರ್. "ನಮ್ಮವ್ವನ್ನೂ ಕರ್ಕೊಂಡು ಹೋಗ್ತಾ ಇದೀನಿ, ನೀವೂ ಬನ್ನಿ" ಎಂದು ಅವರಲ್ಲೊಬ್ಬರು ಹೇಳಿದರೆ ಕರಪತ್ರಕ್ಕೆ ಆಗದ ಕೆಲಸ ಆಗುತ್ತದೆ.

ಮೂರನೆಯ ಬಾಗಿಲನ್ನು ಸಂಘಗಳು ಪ್ರಚಾರದ ಭಾಗವೆಂದೇ ನೋಡುವುದಿಲ್ಲ. ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ದೃಷ್ಟಿ ಮಂಜಾಗುತ್ತದೆ, ಒಬ್ಬರೇ ಬಂದವರು ಒಬ್ಬರೇ ವಾಪಸ್ ಹೋಗಲಾರರು. ಜೊತೆಗೆ ಬರುವ ಮಗಳಿಗೋ ಸೊಸೆಗೋ ಒಂದು ದಿನದ ಕೂಲಿ ಹೋಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿರುವುದು ದೊಡ್ಡ ಅನುಕೂಲ. ಆದರೆ ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯ ಎಷ್ಟೋ ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳೇ ಓಡುತ್ತವೆ, ಅಲ್ಲಿ ಶಕ್ತಿ ನಡೆಯದು. ಹಾಗಾಗಿ ಕರಪತ್ರದಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳು, ಗೌರವ ಸಲಹೆಗಾರರ ಹೆಸರು ತುಂಬುವ ಜಾಗದಲ್ಲಿ ಬಸ್ ಎಷ್ಟು ಗಂಟೆಗೆ ಯಾವ ನಿಲ್ದಾಣಕ್ಕೆ ಬರುತ್ತದೆ, ವಾಪಸ್ ಕೊನೆಯ ಬಸ್ ಯಾವುದು ಎಂದು ಹಾಕಿ. ಹಣವಿದ್ದರೆ ಬ್ಯಾನರ್ ಬಿಟ್ಟು ಒಂದು ಜೀಪು ಗೊತ್ತುಮಾಡಿ, "ಇಂಥ ಊರಿನ ಅರಳಿಕಟ್ಟೆ ಹತ್ತಿರ 9 ಗಂಟೆಗೆ ಜೀಪ್ ಬರುತ್ತದೆ" ಎಂದು ಹೇಳಿಸಿ. ನಮ್ಮ ತೀರ್ಮಾನದಲ್ಲಿ ಮೊದಲ ಖರ್ಚು ಇದೇ ಆಗಬೇಕು.

ಜನಸಂದಣಿ ಇದ್ದಲ್ಲಿ ನಮ್ಮ ಜನ ಇರುತ್ತಾರೆಯೇ?

ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆರೆದಾಗ ಹಾಸನಕ್ಕೆ ಲಕ್ಷಾಂತರ ಜನ ಬರುತ್ತಾರೆ. ಅಲ್ಲಿ ಮಳಿಗೆ ಹಾಕಿ ಕರಪತ್ರ ಹಂಚಿದರೆ ಒಂದೇ ದಿನದಲ್ಲಿ ಐದು ಸಾವಿರ ಖಾಲಿಯಾದೀತು. ಆದರೆ ಆ ಸಾಲಿನಲ್ಲಿ ನಿಂತವರು ಬೆಂಗಳೂರು, ಮೈಸೂರು, ತುಮಕೂರಿನಿಂದ ಬಂದವರೂ ಹೌದು. ಆಲೂರು ತಾಲ್ಲೂಕಿನ ಶಿಬಿರಕ್ಕೆ ಅವರಿಂದ ಒಬ್ಬರೂ ಬರುವುದಿಲ್ಲ. ಬೇಲೂರು ದೇವಸ್ಥಾನದ ಎದುರಿನ ಜನರದೂ ಹೀಗೆಯೇ, ಶನಿವಾರ ಭಾನುವಾರ ಅಲ್ಲಿ ಪ್ರವಾಸಿಗರದೇ ಗುಂಪು. ನೇತ್ರದಾನ, ರಕ್ತದಾನದಂಥ ಎಲ್ಲರಿಗೂ ಹೇಳಬೇಕಾದ ವಿಷಯಕ್ಕೆ ಇಂಥ ಜಾಗ ಸರಿ. ಒಂದು ಊರಿನ, ಒಂದು ದಿನದ ಕಾರ್ಯಕ್ರಮಕ್ಕೆ ಅಲ್ಲ.

ನಮಗೆ ಬೇಕಾದವರು ತಾವಾಗಿಯೇ, ತಪ್ಪದೆ ಬರುವ ಜಾಗ ಹುಡುಕಬೇಕು. ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಕಡೂರು ಭಾಗದಲ್ಲಿ ಅಂಥ ಮೊದಲ ಜಾಗ ಹಾಲಿನ ಡೈರಿ. ಬೆಳಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಜನ ಸಾಲು ನಿಲ್ಲುತ್ತಾರೆ. ಸೆಕ್ರೆಟರಿಗೆ ಪ್ರತಿ ಮನೆಯೂ ಗೊತ್ತು, ಯಾರ ಮನೆಯ ಅಜ್ಜನಿಗೆ ಕಣ್ಣು ಮಂಜು ಎಂಬುದೂ ಗೊತ್ತು. ಮೂರು ದಿನ ಬೆಳಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ ಸಂಘದ ಒಬ್ಬರು ಅಲ್ಲಿ ನಿಂತು, ಒಬ್ಬೊಬ್ಬರನ್ನೂ ಮಾತನಾಡಿಸಿ ಹೆಸರು ಬರೆದುಕೊಂಡರೆ ಸಾಕು. ಖರ್ಚು ಏನೂ ಇಲ್ಲ. ಕೊರತೆ ಒಂದಿದೆ, ಹಸು ಇಲ್ಲದವರು ಡೈರಿಗೆ ಬರುವುದಿಲ್ಲ. ಭೂಮಿಯೂ ಹಸುವೂ ಇಲ್ಲದ ಕೂಲಿ ಮನೆಗಳು ಅಲ್ಲಿ ತಪ್ಪಿಹೋಗುತ್ತವೆ. ಅವರು ತಿಂಗಳಿಗೊಮ್ಮೆ ಬರುವ ಜಾಗ ನ್ಯಾಯಬೆಲೆ ಅಂಗಡಿ. ಅಕ್ಕಿಗಾಗಿ ಕಾರ್ಡಿನಲ್ಲಿರುವ ಯಾರಾದರೂ ಬಂದು ಹೆಬ್ಬೆಟ್ಟು ಒತ್ತಬೇಕು. ಅಕ್ಕಿ ಕೊಡುವ ದಿನ ಯಾವುದೆಂದು ಅಂಗಡಿಯವರನ್ನು ಮೊದಲೇ ಕೇಳಿ, ಶಿಬಿರದ ದಿನಾಂಕವನ್ನು ಅದರ ನಂತರದ ವಾರಕ್ಕೆ ಇಟ್ಟುಕೊಳ್ಳಿ. ಡೈರಿ ಮತ್ತು ರೇಷನ್ ಅಂಗಡಿ ಎರಡನ್ನೂ ಹಿಡಿದರೆ ಬಯಲುಸೀಮೆಯ ಹಳ್ಳಿಯಲ್ಲಿ ಬಿಟ್ಟುಹೋಗುವ ಮನೆ ಕಡಿಮೆ.

ವಾರದ ಸಂತೆ ಮೂರನೆಯದು. ಸಂತೆಯೊಳಗೆ ಯಾರಿಗೂ ನಿಂತು ಕೇಳುವ ವ್ಯವಧಾನ ಇರದು. ಕೊತ್ತಂಬರಿ ಸೊಪ್ಪಿನ ಬೆಲೆ ಕೇಳುವವರ ಕೈಗೆ ಕಾಗದ ತುರುಕಿದರೆ ಅದು ಸೊಪ್ಪು ಕಟ್ಟಲು ಹೋಗುತ್ತದೆ. ವಾಪಸ್ ಹೋಗುವ ಬಸ್, ಆಟೋ, ಜೀಪು ನಿಲ್ಲುವಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿಲ್ಲಿ. ಬ್ಯಾಗು ತುಂಬಿಸಿಕೊಂಡು ಬಂಡಿಗೆ ಕಾಯುವವರಿಗೆ ಆಗ ಪುರುಸೊತ್ತು ಇರುತ್ತದೆ.

ಬಯಲಿಗೊಂದು ರೀತಿ, ಮಲೆನಾಡಿಗೊಂದು ರೀತಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ವಿಶೇಷವೆಂದರೆ ಒಂದೇ ಜಿಲ್ಲೆಯೊಳಗೆ ಎರಡು ನೆಲ. ಅರಸೀಕೆರೆ, ಕಡೂರಿನ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಆಟೋ ಪ್ರಚಾರ ಅಲ್ಲಿ ಫಲ ಕೊಡುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಒಂಟಿ ಮನೆಗಳು, ಒಂದರಿಂದ ಇನ್ನೊಂದಕ್ಕೆ ಅರ್ಧ ಕಿಲೋಮೀಟರ್. ನಡುವೆ ತೋಟ, ಗುಡ್ಡ, ಹಳ್ಳ. ರಸ್ತೆಯಲ್ಲಿ ಹೋಗುವ ಮೈಕಿನ ಸದ್ದು ಮನೆ ಮುಟ್ಟುವ ಹೊತ್ತಿಗೆ ಪದ ಕಳೆದು ಬರಿ ಗುಂಯ್‌ಗುಡುವುದಷ್ಟೇ ಉಳಿಯುತ್ತದೆ.

ಬಯಲಲ್ಲಿ ಆಟೋ ಬಿಡುವುದಾದರೂ ಕ್ರಮ ಬೇಕು. ಧ್ವನಿಮುದ್ರಣ 40 ಸೆಕೆಂಡಿಗೆ ಮೀರಬಾರದು, ಅಂದರೆ ಸುಮಾರು 60 ಪದ. ಮೊದಲ ವಾಕ್ಯದಲ್ಲೇ ಏನು, ಯಾವ ವಾರ, ಎಲ್ಲಿ ಎಂಬುದು ಬರಬೇಕು. ವಂದನೆ, ಸಂಘದ ಹೆಸರು, ಪ್ರಾಯೋಜಕರು ಕೊನೆಗೆ. ಓಡುವ ಆಟೋದಿಂದ ಒಂದು ವಾಕ್ಯವೂ ಪೂರ್ತಿ ಕೇಳಿಸುವುದಿಲ್ಲ, ಆದ್ದರಿಂದ ಊರಿಗೆ ಮೂರು ನಾಲ್ಕು ಕಡೆ ನಿಲ್ಲಿಸಿ, ಪ್ರತಿ ಕಡೆ ಎರಡು ಸಲ ಹಾಕಿಸಿ. ಹೊತ್ತು ಸಂಜೆ ಐದೂವರೆಯಿಂದ ಏಳು, ಹೊಲದಿಂದ ಜನ ಮನೆಗೆ ಬಂದಿರುತ್ತಾರೆ. ಆಟೋ ಊರಬಾಗಿಲಲ್ಲಿ, ದೇವಸ್ಥಾನದ ಮುಂದೆ ನಿಂತು ಹಿಂತಿರುಗುವುದು ನಡೆದು ಬಂದ ತಪ್ಪು. ಊರಾಚೆಯ ಕೇರಿ, ಹಟ್ಟಿ, ತಾಂಡಾಗಳಿಗೆ ಸುದ್ದಿ ಹೋಗದಿರುವುದು ಹೀಗೆ. ಕೇರಿಯಿಂದಲೇ ಶುರುಮಾಡುವಂತೆ ಆಟೋದವರಿಗೆ ಬರೆದು ಕೊಡಿ. ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

ಕೆಲವು ಊರುಗಳಲ್ಲಿ "ತಮಟೆ ಹೊಡೆಸಿ ಡಂಗುರ ಸಾರಿಸಿಬಿಡೋಣ" ಎನ್ನುವವರಿದ್ದಾರೆ. ಒಂದು ಸಮುದಾಯದವರ ಮೇಲೆ ಬಿಟ್ಟಿ ಚಾಕರಿಯಾಗಿ ಹೊರಿಸಿದ್ದ ಕೆಲಸ ಅದು. ಸೇವೆಗೆಂದು ಕಟ್ಟಿದ ಸಂಘ ಅದನ್ನು ಮತ್ತೆ ಅವರಿಂದ ಮಾಡಿಸಬಾರದು. ಕಾರ್ಯಕ್ರಮದ ಜಾಗಕ್ಕೂ ಇದೇ ಎಚ್ಚರ ಬೇಕು. ಒಂದು ಜನಾಂಗದ ಭವನದಲ್ಲೋ ದೇವಸ್ಥಾನದ ಸಭಾಂಗಣದಲ್ಲೋ ಇಟ್ಟರೆ, ಎಷ್ಟು ಚೆನ್ನಾಗಿ ಕರೆದರೂ ಬಾಗಿಲ ಬಳಿಯೇ ಹಿಂಜರಿಯುವವರು ಇರುತ್ತಾರೆ. ಸರ್ಕಾರಿ ಶಾಲೆ ಎಲ್ಲರದೂ.

ಮಲೆನಾಡಿನಲ್ಲಿ ಸುದ್ದಿ ಹರಿಯುವ ದಾರಿ ಬೇರೆ. ತೋಟದ ಕೂಲಿಯವರಿಗೆ ಹೇಳಬೇಕಾದರೆ ಮಾಲೀಕರ ಒಪ್ಪಿಗೆ ಪಡೆದು, ರೈಟರ್ ಮತ್ತು ಮೇಸ್ತ್ರಿಗೆ ವಿಷಯ ಮುಟ್ಟಿಸಿ, ವಾರದ ಕೂಲಿ ಬಟವಾಡೆ ದಿನ ಹೋಗಬೇಕು. ಎಲ್ಲರೂ ಒಂದೆಡೆ ಸೇರುವುದು ಆಗಲೇ. ಅಲ್ಲಿ ಕನ್ನಡ ಒಂದೇ ಸಾಲದು. ತಮಿಳು ಮಾತಾಡುವ ಹಳೆಯ ಕಾರ್ಮಿಕ ಕುಟುಂಬಗಳಿವೆ, ಅಸ್ಸಾಮಿನಿಂದ ಬಂದವರಿದ್ದಾರೆ, ಮೂಡಿಗೆರೆ ಕಡೆ ತುಳು, ಬ್ಯಾರಿ ಮನೆಮಾತಿನವರಿದ್ದಾರೆ. ಆಯಾ ಭಾಷೆಯವರೊಬ್ಬರ ದನಿಯಲ್ಲೇ ಒಂದು ನಿಮಿಷದ ಆಡಿಯೊ ಮಾಡಿ ಮೇಸ್ತ್ರಿಯ ಫೋನಿಗೆ ಹಾಕಿಕೊಟ್ಟರೆ ಲೈನ್‌ನಲ್ಲಿ ಎಲ್ಲರೂ ಕೇಳುತ್ತಾರೆ. ಒಂಟಿ ಮನೆಗಳಿಗೆ ಶಾಲೆಯ ಮಕ್ಕಳ ಕೈಯಲ್ಲಿ ಚೀಟಿ ಕಳಿಸುವುದು ಒಳ್ಳೆಯ ಮಾರ್ಗ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, "ಮನೆಯಲ್ಲಿ ಯಾರಾದರೂ ಬರುತ್ತೀರಾ? ಎಷ್ಟು ಜನ?" ಎಂದು ಕೇಳುವ ಹರಿದು ಕೊಡುವ ಪಟ್ಟಿಯನ್ನು ಕೆಳಗೆ ಇಡಿ. ವಾಪಸ್ ಬಂದ ಪಟ್ಟಿಗಳಿಂದ ಜೀಪು ಎಲ್ಲೆಲ್ಲಿ ನಿಲ್ಲಬೇಕು ಎಂಬುದೂ ಗೊತ್ತಾಗುತ್ತದೆ.

ಕಾಲ ನೋಡದೆ ದಿನ ಇಟ್ಟರೆ ಯಾವ ಪ್ರಚಾರವೂ ನಿಲ್ಲದು. ಅರೇಬಿಕಾ ಹಣ್ಣು ಕುಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತದೆ. ಆಗ ಕುಯ್ದ ತೂಕಕ್ಕೆ ಕೂಲಿ, ಒಂದು ದಿನ ಬಿಡಲು ಯಾರೂ ಒಪ್ಪರು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಹಳ್ಳ ತುಂಬಿದರೆ ದಾರಿಯೇ ಇಲ್ಲ, ಕರೆಂಟೂ ಇರದು, ಮೊಬೈಲ್ ಟವರೂ ಹೋಗಿರುತ್ತದೆ. ಸಕಲೇಶಪುರ, ಆಲೂರು, ಬೇಲೂರಿನ ಆನೆ ಓಡಾಡುವ ಭಾಗದಲ್ಲಿ ಬೆಳಗ್ಗೆ ಬೇಗ, ಸಂಜೆ ಕತ್ತಲಾದ ಮೇಲೆ ಯಾರನ್ನೂ ಕರೆಯಬಾರದು. ಜೀವದ ಪ್ರಶ್ನೆ ಅದು. ಸಂಜೆ ಆರಕ್ಕೆ ಜಾಗೃತಿ ಸಭೆ ಇಟ್ಟು "ಜನ ಬರಲಿಲ್ಲ" ಎನ್ನುವ ಸಂಘ ಊರನ್ನು ಕೇಳಿಲ್ಲ ಎಂದರ್ಥ. ಹೆಚ್ಚಿನ ತೋಟಗಳಲ್ಲಿ ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಅನುಕೂಲ. ಹೊತ್ತು ಬೆಳಗ್ಗೆ 10ರಿಂದ 3.

ಕಾಗದ, ಫೋನು, ಪತ್ರಿಕೆ

ಕರಪತ್ರ ಬೇಡವೆಂದಲ್ಲ. ಆಡಿದ ಮಾತು ಮರೆತುಹೋಗುತ್ತದೆ, ಕಾಗದ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿಕೊಂಡು ಉಳಿಯುತ್ತದೆ. ಹಾಗಾಗಿ ಮಾತಾಡಿಸಿದ ಮೇಲೆ ಕೊಡುವ ಕಾಗದ ಅದು. ಎ5 ಗಾತ್ರ, ಬಿಳಿ ಅಥವಾ ತಿಳಿ ಹಳದಿ ಕಾಗದ, ಕಪ್ಪು ಅಕ್ಷರ. ಮುಖ್ಯ ವಿಷಯ 18 ಪಾಯಿಂಟಿಗಿಂತ ಚಿಕ್ಕದಾಗಬಾರದು. ದಿನಾಂಕದ ಜೊತೆ ವಾರ ಇರಲೇಬೇಕು, ಹಿರಿಯರು ನೆನಪಿಡುವುದು ವಾರವನ್ನು. ಜಾಗಕ್ಕೆ ವಿಳಾಸಕ್ಕಿಂತ ಗುರುತು ಮುಖ್ಯ, "ಹಳೇ ಪಂಚಾಯ್ತಿ ಕಟ್ಟಡದ ಹಿಂದಿನ ಶಾಲೆ" ಎನ್ನುವಂತೆ. ಏನು ತರಬೇಕು, ಏನು ತರಬೇಕಿಲ್ಲ, ಹಣ ಕೇಳುವುದಿಲ್ಲ, ಅಂದೇ ಆಪರೇಷನ್ ಇಲ್ಲ, ಜೊತೆಗೊಬ್ಬರು ಬರಲಿ. ಒಂದು ಫೋನ್ ನಂಬರ್, ಅದನ್ನು ಎತ್ತುವ ಮನುಷ್ಯ, ಎತ್ತುವ ಹೊತ್ತು. ಮೂರು ನಂಬರ್ ಹಾಕಿ ಮೂವರೂ ಎತ್ತದಿರುವುದು ನಂಬಿಕೆ ಕೆಡಿಸುತ್ತದೆ. ದಿನಪತ್ರಿಕೆಯೊಳಗೆ ಸೇರಿಸಿ ಹಂಚಿಸಿದರೆ ಬೇಗ ಮುಗಿಯುತ್ತದೆ, ಆದರೆ ಅದು ಪತ್ರಿಕೆ ಕೊಳ್ಳುವ ಮನೆಗಳಿಗೆ ಮಾತ್ರ. ದಾನಿಗಳನ್ನು ಹುಡುಕಲು ಅದು ಸರಿ, ಫಲಾನುಭವಿಗಳಿಗೆ ಅಲ್ಲ. ಸಿಕ್ಕ ಗೋಡೆಗೆಲ್ಲ ಪೋಸ್ಟರ್ ಅಂಟಿಸುವುದಕ್ಕೆ 1981ರ ರಾಜ್ಯ ಕಾಯ್ದೆಯ ತಡೆಯಿದೆ. ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರನ್ನು 2016ರಲ್ಲೇ ಸರ್ಕಾರ ನಿಷೇಧಿಸಿದೆ, ಬಟ್ಟೆಯದು ಬರೆಸಿ.

ವಾಟ್ಸ್‌ಆ್ಯಪಿನ ಮಿತಿಗಳನ್ನು ತಿಳಿದು ಬಳಸಬೇಕು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಒಮ್ಮೆಗೇ ಕಳಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. "ಕಳಿಸಿದ್ದೆವು, ಯಾರೂ ನೋಡಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ನೋಂದಣಿ ಮಾಡಿಕೊಳ್ಳುವಾಗಲೇ ಸಂಘದ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ, ಸಂದೇಶ ಕಳಿಸಲು ಒಪ್ಪಿಗೆಯನ್ನೂ ಕೇಳಿ. ರಕ್ತದಾನಿಗಳ ಪಟ್ಟಿಗೆ ವಾಟ್ಸ್‌ಆ್ಯಪಿನಷ್ಟು ಒಳ್ಳೆಯದು ಬೇರೆ ಇಲ್ಲ. ದಾನಿಗಳು 18ರಿಂದ 65 ವರ್ಷದವರು, ಕನಿಷ್ಠ 45 ಕಿಲೋ ತೂಕ ಇರುವವರು, ಹಿಮೋಗ್ಲೋಬಿನ್ 12.5 ಗ್ರಾಂ ದಾಟಿದವರು ಆಗಿರಬೇಕು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಬೇಕು. ಆದ್ದರಿಂದ ಪಟ್ಟಿಯಲ್ಲಿ ರಕ್ತದ ಗುಂಪಿನ ಪಕ್ಕ ಕಳೆದ ಬಾರಿ ಕೊಟ್ಟ ದಿನಾಂಕ ಇರಲಿ, ಅರ್ಹರಾದವರಿಗೆ ಮಾತ್ರ ಕೇಳಿ. ದಿನಾಂಕವಿಲ್ಲದೆ "ತುರ್ತಾಗಿ ಬೇಕಾಗಿದೆ" ಎಂದು ಬಿಟ್ಟ ಸಂದೇಶ ತಿಂಗಳುಗಟ್ಟಲೆ ಸುತ್ತಿ ರೋಗಿಯ ಮನೆಯವರ ಫೋನಿಗೆ ಕರೆಗಳು ಬರುತ್ತಲೇ ಇರುತ್ತವೆ. ದಿನಾಂಕ, ಗಂಟೆ, ಆಸ್ಪತ್ರೆ ಬರೆಯಿರಿ. ರಕ್ತ ಸಿಕ್ಕ ಕೂಡಲೇ ಅದೇ ಗುಂಪುಗಳಿಗೆ "ಸಿಕ್ಕಿದೆ, ಮುಂದೆ ಕಳಿಸಬೇಡಿ" ಎಂದು ಹಾಕಿ.

ಹಾಸನ ಆಕಾಶವಾಣಿಯನ್ನು ತೋಟದ ಮನೆಗಳಲ್ಲಿ, ಅಡುಗೆಮನೆಗಳಲ್ಲಿ ಕೇಳುವವರು ಇನ್ನೂ ಇದ್ದಾರೆ. ಮೂರು ವಾರ ಮೊದಲೇ ಪತ್ರ ಕೊಟ್ಟು, ಬರಿ ಪ್ರಕಟಣೆಗಿಂತ ಕಣ್ಣಿನ ವೈದ್ಯರ ಮಾತುಕತೆಗೆ ಕೇಳಿಕೊಂಡರೆ ಎರಡನೆಯ ಬಾಗಿಲೂ ಸ್ವಲ್ಪ ತೆರೆಯುತ್ತದೆ. ಜಿಲ್ಲಾ ಪತ್ರಿಕೆಗಳಿಗೆ ಒಂದೇ ಪುಟದ ಟಿಪ್ಪಣಿಯನ್ನು ಮೂರು ದಿನ ಮುಂಚೆ, ಮಧ್ಯಾಹ್ನದೊಳಗೆ, ಯೂನಿಕೋಡ್‌ನಲ್ಲಿ ಕಳಿಸಿ.

ಎಲ್ಲವನ್ನೂ ಯಾವಾಗ ಮಾಡಬೇಕು ಎಂದರೆ, ಹದಿನೈದು ದಿನ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಂಡು ಅವರ ಮೂಲಕವೇ ಆಶಾ ಕಾರ್ಯಕರ್ತೆಯರಿಗೆ ಹೇಳಿಸಿ. ಸಾಮಾನ್ಯವಾಗಿ ಸಾವಿರ ಜನಸಂಖ್ಯೆಗೆ ಒಬ್ಬರು ಆಶಾ, ಅವರ ಮೇಲೆ ಈಗಾಗಲೇ ಹೊರೆ ಬಹಳ, ನೇರವಾಗಿ ಕೆಲಸ ಹೇರುವುದು ನ್ಯಾಯವಲ್ಲ. ಹತ್ತು ದಿನ ಇರುವಾಗ ಡೈರಿ, ಸ್ತ್ರೀಶಕ್ತಿ ಸಂಘದ ಸಭೆ, ಬಟವಾಡೆ. ಐದು ದಿನ ಇರುವಾಗ ಕರಪತ್ರ, ಶಾಲೆಯ ಚೀಟಿ. ಎರಡು ದಿನ ಮುಂಚೆ ಆಟೋ. ಹಿಂದಿನ ಸಂಜೆ ಹೆಸರು ಬರೆಸಿದ ಪ್ರತಿಯೊಬ್ಬರ ಮನೆಗೂ ಫೋನ್. ಈ ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಹೆಸರು ಬರೆಸಿಯೂ ಬಾರದವರ ಸಂಖ್ಯೆ ಏರುವುದು ಅಲ್ಲಿ.

ಜೋರಾಗಿ ಹೇಳಬಾರದ ವಿಷಯ

ಕ್ಷಯ, ಎಚ್‌ಐವಿ, ಕುಡಿತ ಬಿಡಿಸುವುದು, ಮನೆಯೊಳಗಿನ ಹೊಡೆತ, ಫೀಸು ಕಟ್ಟಲಾಗದ ಮಗುವಿಗೆ ನೆರವು. ಇವಕ್ಕೆ ಮೈಕು, ಬ್ಯಾನರು, ಗುಂಪು ಸಂದೇಶ ಯಾವುದೂ ಕೂಡದು. "ಕುಡಿತ ಬಿಡಿಸುವ ಶಿಬಿರ, ಬನ್ನಿ" ಎಂದು ಊರ ನಡುವೆ ಕೂಗಿದ ಮೇಲೆ ಅಲ್ಲಿಗೆ ಹೆಜ್ಜೆ ಹಾಕುವವರನ್ನು ಊರೆಲ್ಲ ನೋಡುತ್ತದೆ. ಇಲ್ಲಿ ಒಬ್ಬರಿಂದ ಒಬ್ಬರಿಗೆ ಮಾತೇ ದಾರಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳ ಪುಟ್ಟ ಸ್ಟಿಕರನ್ನು ಅನುಮತಿ ಪಡೆದು ಬಸ್ ನಿಲ್ದಾಣದ ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿದರೆ, ಯಾರೂ ನೋಡದಂತೆ ಬರೆದುಕೊಳ್ಳಬಹುದು. ನೆರವು ಪಡೆದವರ ಫೋಟೊವನ್ನು ಮುಂದಿನ ಪ್ರಚಾರಕ್ಕೆ ಹಾಕಿದರೆ ದಾನಿಗಳಿಗೆ ಸಂತೋಷವಾದೀತು, ಆದರೆ ಮುಂದಿನ ಸಲ ಕೈಚಾಚಬೇಕಾದ ಮನೆ ಬಾಗಿಲು ಹಾಕಿಕೊಳ್ಳುತ್ತದೆ.

ದಾನಿಗಳನ್ನೂ ಸ್ವಯಂಸೇವಕರನ್ನೂ ಕರೆಯುವ ದಾರಿ ಇದಕ್ಕಿಂತ ಸುಲಭ. ಬೆಂಗಳೂರಿನಲ್ಲಿರುವ ಊರಿನವರಿಗೆ ವಾಟ್ಸ್‌ಆ್ಯಪ್ ಸಾಕು. ಯುಪಿಐ ಕ್ಯೂಆರ್ ಸಂಘದ ಖಾತೆಯದೇ ಆಗಿರಲಿ, ಯಾರದೋ ಸ್ವಂತ ಖಾತೆಯದು ಬೇಡ. ದಾನಿಗಳಿಗೆ ಆದಾಯ ತೆರಿಗೆಯ 80ಜಿ ವಿನಾಯಿತಿ ಇದ್ದರೆ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಅದು ಸಿಗದು ಎಂದು ಮೊದಲೇ ತಿಳಿಸಿ. "ಸ್ವಯಂಸೇವಕರು ಬೇಕಾಗಿದ್ದಾರೆ" ಎಂದರೆ ಯಾರೂ ಏಳುವುದಿಲ್ಲ. "ಭಾನುವಾರ 9ರಿಂದ 12, ನೋಂದಣಿ ಮೇಜಿನಲ್ಲಿ ಬರೆಯಲು ಮೂವರು" ಎಂದರೆ ಏಳುತ್ತಾರೆ.

ಮೇಜಿನ ಮೇಲಿನ ಎರಡು ಪ್ರಶ್ನೆ

ಯಾವ ವಿಧಾನ ಕೆಲಸ ಮಾಡಿತು ಎಂಬುದನ್ನು ಊಹೆಗೆ ಬಿಡಬಾರದು. ನೋಂದಣಿ ಪುಸ್ತಕದಲ್ಲಿ ಎರಡು ಅಂಕಣ ಹೆಚ್ಚು ಹಾಕಿ. "ಮೊದಲು ಯಾರಿಂದ ಗೊತ್ತಾಯ್ತು?" ಒಂದು. "ಬರೋಣ ಅನ್ನಿಸಿದ್ದು ಯಾರ ಮಾತಿಗೆ?" ಇನ್ನೊಂದು. ಎರಡಕ್ಕೂ ಉತ್ತರ ಬೇರೆಬೇರೆ ಬರುವುದುಂಟು. ಆಟೋದಲ್ಲಿ ಕೇಳಿದೆ, ಆದರೆ ಹೊರಟದ್ದು ಅಂಗನವಾಡಿ ಟೀಚರ್ ಹೇಳಿದ ಮೇಲೆ, ಎನ್ನುವಂತೆ. ಕೊನೆಗೆ ಖರ್ಚನ್ನು ಬಂದವರಿಂದ ಭಾಗಿಸಿ. ಉದಾಹರಣೆಗೆ, ಕರಪತ್ರಕ್ಕೆ 2,400 ರೂಪಾಯಿ ಹಾಕಿ ಅದರಿಂದ 6 ಜನ ಬಂದರೆ ತಲೆಗೆ 400 ರೂಪಾಯಿ. ಜೀಪಿಗೆ 3,000 ಕೊಟ್ಟು 24 ಜನ ಬಂದರೆ 125. ಜೀಪು ದುಬಾರಿ ಎಂದು ಸಭೆಯಲ್ಲಿ ವಾದಿಸಿದವರು ಈ ಲೆಕ್ಕ ನೋಡಬೇಕು. ಬಂದವರು ಎಷ್ಟು ಎನ್ನುವುದರ ಜೊತೆಗೆ ಯಾವ ಊರಿನಿಂದ, ಯಾವ ಕೇರಿಯಿಂದ, ಎಷ್ಟು ವಯಸ್ಸಿನವರು ಎಂದೂ ಎಣಿಸಿ.

ಬಾರದವರ ಲೆಕ್ಕ ಪುಸ್ತಕದಲ್ಲಿ ಸಿಗುವುದಿಲ್ಲ. ಶಿಬಿರ ಮುಗಿದ ವಾರದೊಳಗೆ, ಒಬ್ಬರೂ ಬಾರದ ಊರನ್ನೋ ಲೈನನ್ನೋ ಆರಿಸಿ ಹತ್ತು ಮನೆಗೆ ಹೋಗಿ. ಕರಪತ್ರ ಒಯ್ಯಬೇಡಿ, ಪುಸ್ತಕ ಪೆನ್ನು ಒಯ್ಯಿರಿ. "ಯಾಕೆ ಬರಲಿಲ್ಲ?" ಎಂದರೆ ತಪ್ಪಿತಸ್ಥರನ್ನು ಕೇಳಿದಂತಾಗುತ್ತದೆ. "ಬರೋಕೆ ಏನು ತೊಂದ್ರೆ ಆಯ್ತವ್ವ?" ಎಂದು ಕೇಳಿ. ಸುದ್ದಿ ತಿಳಿದಿರಲಿಲ್ಲ, ನಂಬಲಿಲ್ಲ, ಹೊರಡಲಾಗಲಿಲ್ಲ, ಈ ಮೂರರಲ್ಲಿ ಯಾವುದೆಂದು ಪ್ರತಿ ಮನೆಯ ಎದುರು ಒಂದು ಗುರುತು ಹಾಕಿಕೊಳ್ಳಿ. ಹೆಚ್ಚು ಗುರುತು ಬಿದ್ದ ಬಾಗಿಲಿಗೆ ಮುಂದಿನ ಶಿಬಿರದ ಹಣ ಹೋಗಲಿ. ಅಲ್ಲಿ ಪೊರೆ ಬಂದ ಅಜ್ಜಿಯೊಬ್ಬರು ಸಿಕ್ಕರೆ ಮುಂದಿನ ಶಿಬಿರದವರೆಗೆ ಕಾಯಿಸಬೇಡಿ, ಯಾರು ಕರೆದೊಯ್ಯುತ್ತಾರೆ, ಯಾವ ದಿನ ಎಂಬುದನ್ನು ಗೊತ್ತುಮಾಡಿಕೊಂಡೇ ಅವರ ಅಂಗಳದಿಂದ ಎದ್ದು ಬನ್ನಿ.